ಅದು ಫಾಲ್ಸ್ ಅಲ್ಲ ಗುರು, ಕೋಡಿ

ಕಳೆದ ಮಳೆಗಾಲದಲ್ಲಿ ನಾನು ಹಾಕಿದ್ದ ಒಂದು ಫೋಟೋ ನಮ್ಮ ಕ್ಲಾಸಲ್ಲಿ ಸ್ವಲ್ಪ ಹೆಸರು ಮಾಡಿತ್ತು. ಫ್ರೇಮ್ ತುಂಬಾ ಬಿಳಿ ನೀರು. ಮುಂದೆ ಒಂದು ಕಪ್ಪು ಕಲ್ಲು. ಆ ಕಲ್ಲಿಗೆ ಬಡಿದು ಎರಡಾಗಿ ಸೀಳಿದ ನೀರು ಇನ್ನೇನು ನೋಡೋರ ಮೇಲೇ ಬೀಳುತ್ತೆ ಅನ್ನೋ ಹಾಗೆ ಕಾಣುತ್ತೆ. ಆಕಾಶ ಇಲ್ಲ, ಮರ ಇಲ್ಲ, ಮನುಷ್ಯರಿಲ್ಲ. "ಯಾವ ಫಾಲ್ಸ್ ಮಗಾ? ಸಾಗರದ ಕಡೆನಾ, ಶಿರಸಿನಾ?" ಅಂತ ಹತ್ತಾರು ಜನ ಕೇಳಿದ್ರು. ನಾನು ಒಂದು ನಗೋ ಎಮೋಜಿ ಹಾಕಿ ಸುಮ್ಮನಾದೆ.

ಈಗ ಒಪ್ಪಿಕೊಳ್ತೀನಿ. ಅದು ಫಾಲ್ಸೇ ಅಲ್ಲ. ಶಿಡ್ಲಘಟ್ಟ ತಾಲ್ಲೂಕಿನ ಒಂದು ಕೆರೆಯ ಕೋಡಿ. ನೀರು ಬೀಳ್ತಿದ್ದ ಎತ್ತರ ನನ್ನ ಎದೆಮಟ್ಟ ಇದ್ದಿರಬಹುದು, ಅಷ್ಟೇ. ಕ್ಯಾಮೆರಾವನ್ನ ನೆಲಕ್ಕೆ ಇಳಿಸಿ, ವೈಡ್ ಆಂಗಲ್ ಹಾಕಿ, ಕಲ್ಲಿನ ಹತ್ತಿರಕ್ಕೆ ಹೋಗಿ ತೆಗೆದಿದ್ದಕ್ಕೆ ಅದು ಜೋಗದ ತಮ್ಮನ ಥರ ಕಾಣಿಸ್ತು. ಆ ಹತ್ತಿರಕ್ಕೆ ಹೋಗೋದಕ್ಕೆ ನಾನು ಹರಿಯೋ ನೀರಲ್ಲಿ ಪಾಚಿ ಕಲ್ಲಿನ ಮೇಲೆ ನಿಂತಿದ್ದೆ. ಅಲ್ಲೇ ಕುರಿ ಮೇಯಿಸ್ತಿದ್ದ ಒಬ್ಬ ತಾತ ಏರಿ ಮೇಲಿಂದ ಕೂಗಿದ್ರು: "ಏ ತಮ್ಮಾ, ಇತ್ಲಾಗೆ ಬಾ. ಕೋಡಿ ಕಲ್ಲು ಅದು, ಯಾರನ್ನೂ ನಿಲ್ಲಿಸಿಕೊಳ್ಳಲ್ಲ." ನಾನು ಇನ್ನೂ ನಾಲ್ಕು ಕ್ಲಿಕ್ ಮಾಡಿಕೊಂಡೇ ಬಂದೆ.

ಈ ಸಲ ಇಂಜಿನಿಯರ್ಸ್ ಡೇಗೆ ನಮ್ಮ ಕ್ಲಬ್‌ನಿಂದ ನೀರಿನ ಬಗ್ಗೆ ಫೋಟೋ ಸ್ಪರ್ಧೆ ಇಡೋಣ ಅಂತ ಮಾತು ನಡೀತಿದೆ. ಖಂಡಿತ ಇಡೋಣ. ಆದ್ರೆ ನನ್ನ ಆ ಫೋಟೋ ಥರದ್ದಕ್ಕೆ ಬಹುಮಾನ ಕೊಡಬಾರದು ಅನ್ನೋದು ನನ್ನ ವಾದ. ಕ್ಲೋಸಪ್ ತಪ್ಪು ಅಂತಲ್ಲ, ಡ್ರಾಮಾ ಬೇಡ ಅಂತಲೂ ಅಲ್ಲ. ಕೋಡಿಯನ್ನ ಕೋಡಿ ಅಂತ ತಿಳ್ಕೊಂಡು ತೆಗೆದರೆ ಫೋಟೋನೂ ಚೆನ್ನಾಗಿ ಬರುತ್ತೆ, ತೆಗೆಯೋನೂ ವಾಪಸ್ ಮನೆಗೆ ಬರ್ತಾನೆ. ಫಾಲ್ಸ್ ಅಂದ್ಕೊಂಡು ತೆಗೆದರೆ ಎರಡಕ್ಕೂ ಗ್ಯಾರಂಟಿ ಇಲ್ಲ.

ಮೊದಲು ನಮ್ಮ ಜಿಲ್ಲೆ ಬಗ್ಗೆ. ಚಿಕ್ಕಬಳ್ಳಾಪುರದಲ್ಲಿ ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ. ತಮಾಷೆ ಅಂದ್ರೆ, ನಂದಿ ಬೆಟ್ಟದ ಸುತ್ತಮುತ್ತಲಿಂದ ಹೊರಡೋ ನದಿಗಳ ಪಟ್ಟಿ ದೊಡ್ಡದು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಲಾರ್, ಪಾಪಾಗ್ನಿ. ಹುಟ್ಟೋದು ಇಲ್ಲಿ, ತುಂಬಿ ಹರಿಯೋದು ಬೇರೆ ಕಡೆ. ಗೌರಿಬಿದನೂರಿನ ಹತ್ತಿರ ಉತ್ತರ ಪಿನಾಕಿನಿ ಸೇತುವೆ ದಾಟೋವಾಗ ಹೆಚ್ಚಿನ ದಿನ ಕಾಣೋದು ಮರಳು ಮತ್ತು ಜಾಲಿ ಗಿಡ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತೆ. ನಮಗೆ ಸಿಗೋದು ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು.

ಹಾಗಾಗಿ ನಮ್ಮ ಹಿಂದಿನವರು ನದಿ ನಂಬಿಕೊಂಡು ಕೂರದೆ ಕೆರೆ ಕಟ್ಟಿದ್ರು. ಒಂದಲ್ಲ, ಸರಪಳಿ. ಮೇಲಿನ ಕೆರೆ ತುಂಬಿದ್ರೆ ಅದರ ಕೋಡಿ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅದರ ಕೋಡಿ ಅದಕ್ಕಿಂತ ಕೆಳಗಿನದಕ್ಕೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು. ಈ ನಾಲ್ಕು ಪದ ನಮ್ಮೂರಿನ ಯಾವ ರೈತರನ್ನ ಕೇಳಿದ್ರೂ ಹೇಳ್ತಾರೆ. ನಾನು ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದವನು. ಸಿವಿಲ್‌ಗೆ ಸೇರಿದ ಮೇಲೆ ವೇಸ್ಟ್ ವಿಯರ್ ಅನ್ನೋ ಪದ ಕಲಿತೆ, ಅದರ ಡಯಾಗ್ರಾಮ್ ಬರೆದು ಮಾರ್ಕ್ಸ್ ತಗೊಂಡೆ. ನಾನು ಫೋಟೋ ತೆಗೆದ ಕಲ್ಲುಕಟ್ಟಡವೇ ಆ ವೇಸ್ಟ್ ವಿಯರ್ ಅಂತ ಹೊಳೆಯೋಕೆ ಇನ್ನೊಂದು ಸೆಮಿಸ್ಟರ್ ಬೇಕಾಯ್ತು. ಕುರಿ ಮೇಯಿಸೋ ತಾತನಿಗೆ ಅದು ಮೊದಲೇ ಗೊತ್ತಿತ್ತು.

ಕೇತೇನಹಳ್ಳಿ ಫಾಲ್ಸ್ ಥರ ಬೆಟ್ಟದ ಬಂಡೆ ಮೇಲಿಂದ ಬೀಳೋ ನಿಜವಾದ ಜಲಪಾತ ನಮ್ಮಲ್ಲೂ ಇದೆ, ಇಲ್ಲ ಅನ್ನಲ್ಲ. ಅದೂ ಮಳೆಗಾಲದ ಅತಿಥಿಯೇ. ಆದ್ರೆ ನಮ್ಮ ಕಡೆ ಫಾಲ್ಸ್ ಅಂತ ರೀಲ್ಸ್‌ನಲ್ಲಿ ಓಡಾಡೋದು ಬಹುಪಾಲು ಕಟ್ಟೆ ಮೇಲಿಂದ ಉಕ್ಕೋ ನೀರು. ಶ್ರೀನಿವಾಸ ಸಾಗರ ಅದಕ್ಕೆ ದೊಡ್ಡ ಉದಾಹರಣೆ. ಕಲ್ಲಿನ ಕಟ್ಟೆಯ ಉದ್ದಕ್ಕೂ ಬಿಳಿ ಪರದೆ ಇಳಿಬಿಟ್ಟ ಹಾಗೆ ನೀರು ಇಳಿಯುತ್ತೆ. 2021ರ ಅಕ್ಟೋಬರ್, ನವೆಂಬರ್ ಮಳೆಗೆ ಜಿಲ್ಲೆಯ ಕೆರೆಗಳು ಸಾಲಾಗಿ ಕೋಡಿ ಬಿದ್ದಾಗ ಬೆಂಗಳೂರಿನಿಂದ ಬೈಕುಗಳೂ ಸಾಲಾಗಿ ಬಂದವು. 2022ರ ಮೇ ತಿಂಗಳಲ್ಲಿ ಒಬ್ಬ ಯುವಕ ಅದೇ ಕಟ್ಟೆಯ ಗೋಡೆ ಹತ್ತೋಕೆ ಹೋಗಿ, ಮೇಲಿಂದ ಜಾರಿ ಬಿದ್ದು ಗಾಯಗೊಂಡ. ಸುತ್ತ ನಿಂತವರು ಮೊಬೈಲ್ ಹಿಡಿದಿದ್ರು. ಆ ವಿಡಿಯೋ ದೇಶವೆಲ್ಲಾ ಸುತ್ತಿತು. ನಮ್ಮಲ್ಲೂ ಬಹಳ ಜನ ನೋಡಿದ್ದೀವಿ. ನೋಡಿ, ಫಾರ್ವರ್ಡ್ ಮಾಡಿ, ಮುಂದಿನ ಭಾನುವಾರ ಅಲ್ಲಿಗೇ ಹೋಗಿದ್ದೀವಿ.

ಸರಿ, ಹತ್ತಿರ ಹೋಗದೇ ಕ್ಲೋಸಪ್ ಹೇಗೆ ಅಂತೀರಾ? ಇಲ್ಲೇ ನಾವು ಇಂಜಿನಿಯರಿಂಗ್ ಓದ್ತಿರೋದು ಸ್ವಲ್ಪ ಉಪಯೋಗಕ್ಕೆ ಬರಬೇಕು.

ಕ್ರಾಪ್ ಸೆನ್ಸರ್ ಇರೋ ಮಾಮೂಲಿ ಡಿಎಸ್ಎಲ್ಆರ್‌ನ ಸೆನ್ಸರ್ ಅಗಲ ಸುಮಾರು 22 ಮಿಲಿಮೀಟರ್. ಕಿಟ್ ಜೊತೆ ಸಿಗೋ ಟೆಲಿ ಲೆನ್ಸನ್ನ 250 ಮಿಲಿಮೀಟರ್‌ಗೆ ಎಳೆದು, ಕೋಡಿಯಿಂದ 60 ಮೀಟರ್ ದೂರದ ಒಣ ನೆಲದ ಮೇಲೆ ನಿಂತ್ಕೊಳ್ಳಿ. ಸಮರೂಪ ತ್ರಿಕೋನ ಹಾಕಿ ಲೆಕ್ಕ ಮಾಡಿ. 60ನ್ನ 22ರಿಂದ ಗುಣಿಸಿ 250ರಿಂದ ಭಾಗಿಸಿದ್ರೆ ಸುಮಾರು ಐದೂಕಾಲು ಮೀಟರ್. ಅಂದ್ರೆ ಕಟ್ಟೆಯ ಐದೂಕಾಲು ಮೀಟರ್ ತುಂಡು ನಿಮ್ಮ ಫ್ರೇಮನ್ನ ಅಂಚಿಂದ ಅಂಚಿಗೆ ತುಂಬುತ್ತೆ. ಕಲ್ಲಿನ ಸಂದಿಯಿಂದ ಚಿಮ್ಮೋ ನೀರಿನ ಎಳೆ ಒಂದೊಂದೂ ಕಾಣುತ್ತೆ. ಲೆನ್ಸಿಗೆ ತುಂತುರು ಬೀಳಲ್ಲ, ಪ್ರತಿ ಎರಡು ನಿಮಿಷಕ್ಕೆ ಬಟ್ಟೆಯಲ್ಲಿ ಒರೆಸೋ ಗೋಳಿಲ್ಲ.

ಇಲ್ಲ, ನನಗೆ ಮುಂದೆ ದೊಡ್ಡ ಕಲ್ಲು, ಹಿಂದೆ ನೀರು ಇರೋ ವೈಡ್ ಶಾಟೇ ಬೇಕು ಅಂದ್ರೆ ಅದಕ್ಕೂ ದಾರಿ ಇದೆ. ಆ ಡ್ರಾಮಾ ಬರೋದು ನೀರಿಗೆ ಹತ್ತಿರ ಹೋದದ್ದರಿಂದ ಅಲ್ಲ, ಕಲ್ಲಿಗೆ ಹತ್ತಿರ ಹೋದದ್ದರಿಂದ. ವಸ್ತು ಎಷ್ಟು ದೊಡ್ಡದಾಗಿ ಕಾಣುತ್ತೆ ಅನ್ನೋದು ದೂರಕ್ಕೆ ವಿಲೋಮ. ಅರ್ಧ ಮೀಟರ್ ದೂರದ ಕಲ್ಲು ಎರಡು ಮೀಟರ್ ದೂರದಲ್ಲಿದ್ದಾಗ ಕಾಣೋದಕ್ಕಿಂತ ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತೆ. ನೀರು ಇಪ್ಪತ್ತು ಮೀಟರ್ ಹಿಂದಿದ್ರೂ ಪರವಾಗಿಲ್ಲ. ಆ ಕಲ್ಲು ನೀರಿನ ಮಧ್ಯದ್ದೇ ಆಗಬೇಕಿಲ್ಲ, ದಡದ ಒಂದು ಬಂಡೆ ಸಾಕು. ಮೇಲೊಂದು ಚೊಂಬು ನೀರು ಸುರಿದು ಒದ್ದೆ ಮಾಡಿದ್ರೆ ಅದೂ ಕಪ್ಪಗೆ ಹೊಳೆಯುತ್ತೆ. ನಾನು ಅವತ್ತು ಕೋಡಿ ಕಲ್ಲಿನ ಮೇಲೆ ನಿಂತು ಪಡೆದದ್ದನ್ನ ದಡದಲ್ಲಿ ಮಂಡಿಯೂರಿ ಕೂತಿದ್ರೂ ಪಡೀಬಹುದಿತ್ತು.

ಶಟರ್ ವಿಚಾರದಲ್ಲೂ ಒಂದು ಮಾತು. 1/1000 ಸೆಕೆಂಡಿಗೆ ಇಟ್ರೆ ಹನಿ ಹನಿ ಗಾಜಿನ ಚೂರಿನ ಥರ ನಿಲ್ಲುತ್ತೆ. ಒಂದು ಸೆಕೆಂಡ್ ದಾಟಿದ್ರೆ ನೀರು ಹತ್ತಿಯಾಗಿಬಿಡುತ್ತೆ, ಯಾವ ಕೋಡಿ ಆದ್ರೂ ಒಂದೇ ಥರ. ನನಗೆ ಇಷ್ಟ ಆಗೋದು ಮಧ್ಯದ್ದು, 1/8ರಿಂದ 1/4 ಸೆಕೆಂಡ್. ನೀರಿನ ಓಟವೂ ಕಾಣುತ್ತೆ, ಅದರ ಎಳೆಯೂ ಉಳಿಯುತ್ತೆ. ಮೋಡ ಇರೋ ದಿನ ಐಎಸ್ಒ 100, ಎಫ್ 11ಕ್ಕೆ 1/60 ಬರ್ತಿದ್ರೆ, ಮೂರು ಸ್ಟಾಪ್ ಎನ್‌ಡಿ ಫಿಲ್ಟರ್ ಹಾಕಿದ್ರೆ 1/8 ಆಗುತ್ತೆ, ಆರು ಸ್ಟಾಪ್ ಹಾಕಿದ್ರೆ ಒಂದು ಸೆಕೆಂಡ್. ಟ್ರೈಪಾಡ್ ಬೇಕೇ ಬೇಕು. ಟ್ರೈಪಾಡನ್ನ ಹರಿಯೋ ನೀರಲ್ಲಿ ಇಟ್ರೆ ಕಾಲು ಅದುರಿ ಫೋಟೋ ಮಸುಕಾಗುತ್ತೆ. ಅಂದ್ರೆ ಒಳ್ಳೆ ಫೋಟೋಗೂ ಒಣ ನೆಲವೇ ಬೇಕು. ಇನ್ನೊಂದು, ಕ್ಯಾಮೆರಾ ಮೀಟರ್ ಎಲ್ಲವನ್ನೂ ಬೂದು ಮಾಡೋಕೆ ನೋಡುತ್ತೆ. ಫ್ರೇಮ್ ತುಂಬಾ ನೊರೆ ಇದ್ರೆ ಬಿಳಿ ಮಂಕಾಗುತ್ತೆ, ಎಕ್ಸ್‌ಪೋಷರ್ ಸ್ವಲ್ಪ ಏರಿಸಿ. ಕಪ್ಪು ಕಲ್ಲೇ ಹೆಚ್ಚಿದ್ರೆ ನೊರೆ ಸುಟ್ಟುಹೋಗುತ್ತೆ, ಇಳಿಸಿ.

ಇಷ್ಟೆಲ್ಲಾ ಇದ್ರೂ "ಒಂದೇ ನಿಮಿಷ ಗುರು, ನೀರು ಮೊಣಕಾಲಷ್ಟೇ ಇದೆ" ಅನ್ನೋರಿಗೆ ಒಂದು ರಫ್ ಲೆಕ್ಕ. ಫ್ಲೂಯಿಡ್ ಮೆಕ್ಯಾನಿಕ್ಸ್‌ನ ಡ್ರ್ಯಾಗ್ ಸೂತ್ರ ನೆನಪಿದೆಯಲ್ಲ: ಸಾಂದ್ರತೆಯ ಅರ್ಧ, ಗುಣಾಂಕ, ಅಡ್ಡ ವಿಸ್ತೀರ್ಣ, ವೇಗದ ವರ್ಗ, ಎಲ್ಲದರ ಗುಣಾಕಾರ. ಮೊಣಕಾಲುವರೆಗೆ 45 ಸೆಂಟಿಮೀಟರ್, ಒಂದೊಂದು ಕಾಲಿನ ಅಗಲ 10 ಸೆಂಟಿಮೀಟರ್, ಎರಡು ಕಾಲಿಗೆ 0.09 ಚದರ ಮೀಟರ್. ಗುಣಾಂಕ 1 ಅಂತ ಇಟ್ಕೊಳ್ಳಿ. ನೀರಿನ ವೇಗ ಸೆಕೆಂಡಿಗೆ ಒಂದು ಮೀಟರ್ ಇದ್ರೆ ಅದು ನಿಮ್ಮನ್ನ ತಳ್ಳೋದು 45 ನ್ಯೂಟನ್. ಎರಡು ಮೀಟರ್ ಆದ್ರೆ 180. ಈಗ ನೀವು 60 ಕೆ.ಜಿ., ಪಾಚಿ ಕಲ್ಲಿನ ಘರ್ಷಣೆ ಗುಣಾಂಕ 0.2 ಅಂತ ಹಿಡಿದ್ರೆ, ನಿಮ್ಮನ್ನ ಹಿಡಿದಿಡೋದು 118 ನ್ಯೂಟನ್. ಒಂದು ಮೀಟರ್ ವೇಗದಲ್ಲಿ ಆರಾಮಾಗಿ ನಿಂತಿದ್ದೋನು ಎರಡು ಮೀಟರ್‌ಗೆ ನಿಲ್ಲಲಾರ. ಮಧ್ಯದಲ್ಲಿ ಯಾವ ಬೋರ್ಡೂ ಇರಲ್ಲ.

ನೀರು ಏರೋದು ಹೇಗೆ ಅನ್ನೋದೂ ನೋಡಿ. ಕೋಡಿ ಮೇಲೆ ಹರಿಯೋ ನೀರಿನ ಪ್ರಮಾಣ ಅದರ ಎತ್ತರದ ಒಂದೂವರೆ ಘಾತಕ್ಕೆ ಅನುಗುಣ. ಎತ್ತರ ದುಪ್ಪಟ್ಟಾದ್ರೆ ಹರಿವು ಸುಮಾರು 2.8 ಪಟ್ಟು. ಕೆರೆಗಳು ಸರಪಳಿ ಅಂದೆನಲ್ಲ, ನೀವು ನಿಂತ ಕಡೆ ಬಿಸಿಲು ಹೊಡೀತಿರಬಹುದು. ಮೇಲಿನ ಊರಲ್ಲಿ ರಾತ್ರಿ ಬಿದ್ದ ಮಳೆಗೆ ಅಲ್ಲಿನ ಕೆರೆ ಈಗ ಕೋಡಿ ಬಿದ್ದು, ಆ ನೀರು ಇನ್ನರ್ಧ ಗಂಟೆಯಲ್ಲಿ ನಿಮ್ಮ ಕಾಲಿಗೆ ಬರಬಹುದು. ತಾತ "ಯಾರನ್ನೂ ನಿಲ್ಲಿಸಿಕೊಳ್ಳಲ್ಲ" ಅಂದದ್ದರಲ್ಲಿ ಈ ಸೂತ್ರ ಎಲ್ಲಾ ಇತ್ತು. ನಾನು ಅದನ್ನ ಬೈಗುಳ ಅಂದ್ಕೊಂಡಿದ್ದೆ.

ಇದು ಪ್ರಾಣದ ವಿಷಯ ಆಯ್ತು. ಇನ್ನು ನಾನು ಕ್ರಾಪ್ ಮಾಡಿದ್ದರ ವಿಷಯ.

ನನ್ನ ಫೋಟೋದ ಒರಿಜಿನಲ್ ಫೈಲಲ್ಲಿ ಎಡಗಡೆ ಕೋಡಿಯ ಕಲ್ಲುಕಟ್ಟೆ ಕಾಣುತ್ತೆ. ಮೇಲೆ ಏರಿ, ಏರಿ ಮೇಲೆ ಅರಿಶಿನ ಕುಂಕುಮ ಹಿಡಿದು ನಿಂತ ಹೆಂಗಸರು. ಕೆರೆ ತುಂಬಿದ್ದಕ್ಕೆ ಅವತ್ತು ಊರಿನವರು ಬಾಗಿನ ಬಿಡೋಕೆ ಬಂದಿದ್ರು. ಅವರ ಪ್ಲಾಸ್ಟಿಕ್ ಕವರ್, ಬಣ್ಣದ ಸೀರೆ ನನ್ನ ಬಿಳಿ ನೀರಿನ 'ಮೂಡ್' ಹಾಳು ಮಾಡುತ್ತೆ ಅಂತ ಎಲ್ಲರನ್ನೂ ಕತ್ತರಿಸಿ ಹಾಕಿದೆ. ಈಗ ಆ ಫೈಲ್ ತೆರೆದು ನೋಡಿದ್ರೆ ಡ್ರಾಮಾ ಇರೋದೆಲ್ಲಾ ನಾನು ಕತ್ತರಿಸಿದ ಕಡೆಯೇ ಇದೆ. ಮಲೆನಾಡಲ್ಲಿ ಜಲಪಾತ ಬೀಳೋದು ಸುದ್ದಿ ಅಲ್ಲ. ಸಾವಿರ ಅಡಿ ಬೋರ್ ಕೊರೆಸಿ ದೂಳು ಕಂಡ ಊರಲ್ಲಿ, ಎಷ್ಟೋ ಕಡೆ ಫ್ಲೋರೈಡ್ ನೀರು ಕುಡಿದ ತಾಲ್ಲೂಕಿನಲ್ಲಿ ಕೆರೆ ಕೋಡಿ ಬೀಳೋದು ಸುದ್ದಿ. ಆ ನೀರನ್ನ ಶಿರಸಿ ಫಾಲ್ಸ್ ಥರ ತೋರಿಸಿದ್ರೆ ನಾನು ಅದನ್ನ ದೊಡ್ಡದು ಮಾಡಿದ ಹಾಗೆ ಅಲ್ಲ, ಚಿಕ್ಕದು ಮಾಡಿದ ಹಾಗೆ.

ಇನ್ನೊಂದು ಪ್ರಶ್ನೆಯನ್ನೂ ಕ್ಲೋಸಪ್ ನುಂಗಿಹಾಕುತ್ತೆ. ಅದು ಯಾರ ನೀರು? ಈಗ ನಮ್ಮ ಜಿಲ್ಲೆಯ ಹಲವು ಕೆರೆಗಳಿಗೆ ಹೆಬ್ಬಾಳ ನಾಗವಾರ ಕಣಿವೆ ಯೋಜನೆಯಲ್ಲಿ, ಅಂದ್ರೆ ಎಚ್.ಎನ್. ವ್ಯಾಲಿಯಲ್ಲಿ, ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತದಲ್ಲಿ ಶುದ್ಧೀಕರಿಸಿ ಪಂಪ್ ಮಾಡ್ತಾರೆ. ಅಂತರ್ಜಲ ಏರಿತು ಅಂತ ಖುಷಿಪಟ್ಟ ರೈತರಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಅಂತ ವರ್ಷಗಳಿಂದ ಹೋರಾಡ್ತಿರೋರೂ ಇದ್ದಾರೆ. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಪಕ್ಕದ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದ ಹೊಸದರಲ್ಲಿ ನೊರೆ ಎದ್ದು ವಿಷಯ ಹೈಕೋರ್ಟ್‌ವರೆಗೂ ಹೋಗಿತ್ತು. ಈಗ ಯೋಚನೆ ಮಾಡಿ. ನೀರು ಕಲ್ಲಿಗೆ ಬಡಿದು ಗಾಳಿ ಸೇರಿ ಆಗೋ ಬಿಳಿಯೂ ಬಿಳಿಯೇ, ಸೋಪಿನ ನೊರೆಯ ಬಿಳಿಯೂ ಬಿಳಿಯೇ. ಟೈಟ್ ಕ್ಲೋಸಪ್‌ನಲ್ಲಿ ಎರಡೂ 'ವಾವ್'. ಸ್ವಲ್ಪ ಹಿಂದೆ ಸರಿದು ನೋಡಿದ್ರೆ ವ್ಯತ್ಯಾಸ ಕಾಣುತ್ತೆ. ಒಂದು ಬಡಿದ ಜಾಗದಿಂದ ನಾಲ್ಕು ಮಾರು ಮುಂದೆ ಹೋಗುವಷ್ಟರಲ್ಲಿ ಒಡೆದು ಮಾಯ ಆಗುತ್ತೆ, ಇನ್ನೊಂದು ಕಾಲುವೆ ಉದ್ದಕ್ಕೂ ತೇಲಿಕೊಂಡು ಹೋಗುತ್ತೆ. ನೀರಿನ ಬಗ್ಗೆ ನಾಳೆ ಡಿಸೈನ್ ಮಾಡೋ ನಾವು ಆ ವ್ಯತ್ಯಾಸ ಕಾಣೋ ಹಾಗೆ ಫೋಟೋ ತೆಗೀಬೇಕಾ, ಮುಚ್ಚೋ ಹಾಗೆ ತೆಗೀಬೇಕಾ?

"ಫೋಟೋ ಅಂದ್ರೆ ಕಲೆ ಕಣೋ, ಏನನ್ನ ಇಡಬೇಕು ಏನನ್ನ ಬಿಡಬೇಕು ಅನ್ನೋದು ತೆಗೆಯೋನ ಹಕ್ಕು" ಅಂತ ನನ್ನ ರೂಮ್‌ಮೇಟ್ ವಾದ ಮಾಡ್ದ. ಅವನ ಮಾತಲ್ಲಿ ಸತ್ಯ ಇದೆ. ಪ್ರತಿ ಫ್ರೇಮೂ ಏನನ್ನೋ ಹೊರಗೆ ಬಿಡುತ್ತೆ. ಕಲ್ಲು ಮತ್ತು ನೀರು ಮಾತ್ರ ಇರೋ ಚಿತ್ರ ಸುಳ್ಳು ಅಂತ ನಾನೂ ಹೇಳಲ್ಲ. ಆದ್ರೆ "ಯಾವ ಫಾಲ್ಸ್" ಅಂತ ಕೇಳಿದಾಗ ನಾನು ಎಮೋಜಿ ಹಾಕಿದ್ದು ಕಲೆ ಅಲ್ಲ. ಕೆರೆ ಹೆಸರು ಹೇಳಿದ್ರೆ ಫೋಟೋ ಬೆಲೆ ಕಮ್ಮಿ ಆಗುತ್ತೆ ಅನ್ನೋ ನಾಚಿಕೆ. ಆ ನಾಚಿಕೆ ಬಗ್ಗೆ ನನ್ನ ತಕರಾರು. ನಮ್ಮೂರಿನದ್ದು ಅಂತ ಗೊತ್ತಾದ ಕೂಡಲೇ ಚಂದ ಕಮ್ಮಿ ಆಗಿಬಿಡುತ್ತಾ?

ಈ ನೆಲದಲ್ಲೇ, ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಒಬ್ಬರು ಕೋಡಿಯನ್ನ ಎಷ್ಟು ಹತ್ತಿರದಿಂದ ನೋಡಿದ್ರು ಅಂತ ನೆನಪಿಸ್ಕೊಳ್ಳಿ. ವಿಶ್ವೇಶ್ವರಯ್ಯನವರ ಹೆಸರಾಂತ ಸ್ವಯಂಚಾಲಿತ ಗೇಟುಗಳು ಮೊದಲು ಕೂತಿದ್ದು 1903ರಲ್ಲಿ, ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯದ ಕೋಡಿ ಮೇಲೆ. ಹರಿದು ಹೋಗ್ತಿದ್ದ ನೀರನ್ನ ಒಂದು ಮಟ್ಟದವರೆಗೆ ತಡೆದು ಹಿಡಿಯೋದು, ಅದು ಮೀರಿದ್ರೆ ತಾನಾಗೇ ತೆರೆದುಕೊಳ್ಳೋದು, ಇಳಿದ ಮೇಲೆ ತಾನಾಗೇ ಮುಚ್ಚಿಕೊಳ್ಳೋದು. ಆಮೇಲೆ ಅದೇ ಉಪಾಯ ಕೆ.ಆರ್.ಎಸ್.ಗೂ ಬಂತು. ನಾವು ಸೆಪ್ಟೆಂಬರ್ 15ಕ್ಕೆ ಅವರ ಫೋಟೋಗೆ ಹಾರ ಹಾಕೋ ಹೊತ್ತಿಗೆ, ಮಳೆ ಚೆನ್ನಾಗಿ ಆಗಿದ್ರೆ, ನಮ್ಮ ಸುತ್ತಲಿನ ಕೆರೆಗಳೂ ಕೋಡಿ ಬೀಳೋ ಕಾಲ.

ಹಾಗಾಗಿ ಸ್ಪರ್ಧೆ ನಡೆಸೋರಿಗೆ ನನ್ನ ಮನವಿ ಮೂರೇ. ಕ್ಯಾಪ್ಷನ್‌ನಲ್ಲಿ ಕೆರೆಯ ಹೆಸರು, ತಾಲ್ಲೂಕು, ತೆಗೆದ ದಿನ ಕಡ್ಡಾಯ ಆಗಲಿ. ಚಿಂತಾಮಣಿ ಕಡೆಯ ಹುಡುಗ ಚಿಂತಾಮಣಿ ಕೆರೆ ಅಂತ ಬರೆದು ಗೆಲ್ಲಲಿ. ಎರಡನೇದು, ಎಲ್ಲಿ ನಿಂತು ತೆಗೆದಿರಿ ಅಂತ ಒಂದು ಸಾಲು ಬರೆಸಿ, ಹರಿಯೋ ನೀರಲ್ಲೋ ಕಟ್ಟೆ ಮೇಲೋ ನಿಂತಿದ್ರೆ ಎಷ್ಟೇ ಚೆನ್ನಾಗಿರಲಿ ಪಕ್ಕಕ್ಕಿಡಿ. ಮೂರನೇದು, ಒಂದು ಕ್ಲೋಸಪ್ ಜೊತೆ ಅದೇ ಜಾಗದ ಇನ್ನೊಂದು ಫೋಟೋ ಕೊಡಬೇಕು ಅನ್ನಿ, ಹಿಂದೆ ಸರಿದು ತೆಗೆದದ್ದು, ಏರಿಯೂ ಜನರೂ ಇರೋದು. ಎರಡೂ ಸೇರಿ ಒಂದು ಎಂಟ್ರಿ.

ನನ್ನ ಹಳೇ ಪೋಸ್ಟನ್ನ ಡಿಲೀಟ್ ಮಾಡಿಲ್ಲ. ಅದರ ಕೆಳಗೆ ಕೆರೆಯ ಹೆಸರು ಬರೆದು, ಕತ್ತರಿಸಿದ್ದ ಪೂರ್ತಿ ಫೋಟೋ ಕಾಮೆಂಟಲ್ಲಿ ಹಾಕಿದೆ. ಲೈಕ್ಸ್ ಏನೂ ಹೆಚ್ಚಾಗಲಿಲ್ಲ. ಆದ್ರೆ ಅದುವರೆಗೂ ನನ್ನ ಜೊತೆ ಒಂದು ಮಾತೂ ಆಡದಿದ್ದ ನಮ್ಮ ಸೆಕ್ಷನ್‌ನ ಒಬ್ಬಳು ಮೆಸೇಜ್ ಮಾಡಿದ್ಲು: "ಅದು ನಮ್ಮೂರ ಕೆರೆ. ಏರಿ ಮೇಲೆ ಹಸಿರು ಸೀರೆ ಉಟ್ಟಿರೋದು ನಮ್ಮಮ್ಮ. ಫುಲ್ ಸೈಜ್ ಕಳಿಸ್ತೀಯಾ?"

ಕಳಿಸಿದೆ. ಕ್ರಾಪ್ ಮಾಡದೆ.